ನುಜ್ಜುಗುಜ್ಜಾದ ಮೇಲೂ ಅದೇ ಕಾರೇ?

— 18 ಲಕ್ಷ 75 ಸಾವಿರ ಡಾಲರ್! 2023ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನಡೆದ ಆರ್‌ಎಂ ಸದಬೀಸ್ ಹರಾಜಿನಲ್ಲಿ ಆ ಸುಟ್ಟ ತಗಡಿಗೆ ಬಿದ್ದ ಬೆಲೆ ಅದು. ಫೋಟೋ ನೋಡಿದ್ದೀರಲ್ಲ? ಬಾನೆಟ್ ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಶುರುವಾಯಿತು ಎಂದು ಗುರುತು ಹಿಡಿಯುವುದಕ್ಕೇ ಹೊತ್ತು ಬೇಕು. ಅದನ್ನು ಕಾರು ಅನ್ನಲು ನನಗಂತೂ ನಾಲಿಗೆ ಏಳುವುದಿಲ್ಲ.

— ನೋಡಿದ್ದೇನೆ. 1954ರ ಫೆರಾರಿ 500 ಮೊಂಡಿಯಾಲ್. ಮೊದಲ ಸರಣಿಯಲ್ಲಿ ಪಿನಿನ್‌ಫರೀನಾ ಬಾಡಿಯ ಸ್ಪೈಡರ್‌ಗಳು ತಯಾರಾದದ್ದೇ 13. ಫ್ರಾಂಕೊ ಕೊರ್ತೇಸೆ ಇದನ್ನು ಆ ವರ್ಷದ ಮಿಲ್ಲೆ ಮಿಲಿಯಾ ರೇಸಿನಲ್ಲಿ ಓಡಿಸಿದ್ದರು. 1947ರಲ್ಲಿ ರೋಮ್‌ನಲ್ಲಿ ಫೆರಾರಿ ಎಂಬ ಹೆಸರಿಗೆ ಮೊಟ್ಟಮೊದಲ ಗೆಲುವು ತಂದವರೂ ಅವರೇ. ಆಮೇಲೆ ಕಾರು ಅಮೆರಿಕಕ್ಕೆ ಹೋಯಿತು, ಅರವತ್ತರ ದಶಕದಲ್ಲಿ ಅಪಘಾತವಾಗಿ ಬೆಂಕಿಗೆ ಸಿಕ್ಕಿತು, ದಶಕಗಳ ಕಾಲ ಹಾಗೆಯೇ ಬಿದ್ದಿತ್ತು.

— ಹಾಗಾದರೆ ಕೊಂಡವರು ಕೊಂಡದ್ದು ಏನನ್ನು? ಒಂದು ನಂಬರನ್ನು. ಚಾಸಿಸ್ ಮೇಲೆ ಕೊರೆದ 0406 ಎಂಡಿ ಎಂಬ ಗುರುತನ್ನು. ಇನ್ನು ಯಾವುದೋ ವರ್ಕ್‌ಶಾಪಿನಲ್ಲಿ ಹೊಸ ಅಲ್ಯೂಮಿನಿಯಂ ಶೀಟು ಬಡಿದು ಬಾಡಿ ಮಾಡುತ್ತಾರೆ, ಕೆಂಪು ಬಣ್ಣ ಹೊಡೆಯುತ್ತಾರೆ, ಕೊರ್ತೇಸೆ ಓಡಿಸಿದ ಕಾರು ಎಂದು ಬೋರ್ಡು ಹಾಕುತ್ತಾರೆ. ಕೊರ್ತೇಸೆಯವರ ಕೈ ತಗುಲಿದ ಲೋಹ ಅದರಲ್ಲಿ ಎಷ್ಟು ಉಳಿದಿರುತ್ತದೆ? ನನ್ನ ಪ್ರಕಾರ ಅದು ಹಳೆಯ ನಂಬರ್ ಹೊತ್ತ ಹೊಸ ಕಾರು, ಅಷ್ಟೇ.

— ಲೋಹವನ್ನು ತೂಗಿ ಅಸಲಿತನವನ್ನು ಅಳೆಯಬಹುದು ಎಂದು ವಾದ ಮಾಡಿದವರು ನೀವೊಬ್ಬರೇ ಅಲ್ಲ. 1990ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಇದೇ ವಾದ ನಡೆಯಿತು. ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಸ್ಪೀಡ್ ಸಿಕ್ಸ್. 1929ರಲ್ಲಿ ವುಲ್ಫ್ ಬಾರ್ನಾಟೊ ಮತ್ತು ಟಿಮ್ ಬರ್ಕಿನ್, 1930ರಲ್ಲಿ ಬಾರ್ನಾಟೊ ಮತ್ತು ಗ್ಲೆನ್ ಕಿಡ್‌ಸ್ಟನ್ ಅದರಲ್ಲಿ ಲ ಮಾನ್ ರೇಸು ಗೆದ್ದರು. ಎರಡು ವರ್ಷ ಸತತವಾಗಿ ಒಂದೇ ಕಾರು. ಆಮೇಲೂ ಅದು ರೇಸಿನಲ್ಲೇ ಇತ್ತು; ಎಂಜಿನ್ ಬದಲಾಯಿತು, ಚಾಸಿಸ್ ಬದಲಾಯಿತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನ 500 ಮೈಲಿ ರೇಸಿನಲ್ಲಿ ಕ್ಲೈವ್ ಡನ್‌ಫೀ ಓಡಿಸುತ್ತಿದ್ದಾಗ ಟ್ರ್ಯಾಕಿನ ಎತ್ತರದ ಬಾಗಿದ ಅಂಚನ್ನೇ ದಾಟಿ ಹೊರಗೆ ಹಾರಿತು. ಡನ್‌ಫೀ ಸತ್ತರು. ಬಾರ್ನಾಟೊ ಅದನ್ನು ರಿಪೇರಿ ಮಾಡಿಸಿ ಕೂಪೆ ಬಾಡಿ ಹಾಕಿಸಿ ರಸ್ತೆ ಕಾರಾಗಿ ಮಾಡಿಕೊಂಡರು. ಸುಮಾರು ಆರು ದಶಕದ ನಂತರ, ಅಂದಿನ ಮಾಲೀಕರು ಅದನ್ನು 1 ಕೋಟಿ ಪೌಂಡಿಗೆ ಮಾರಲು ಒಪ್ಪಂದ ಮಾಡಿಕೊಂಡರು. ಕೊಳ್ಳುವ ಕಂಪನಿ ಹಿಂದೆ ಸರಿಯಿತು. ಇದು ಲ ಮಾನ್ ಗೆದ್ದ ಕಾರೇ ಅಲ್ಲ ಅಂದಿತು.

— ಸರಿಯಾಗಿಯೇ ಅಂದಿತು!

— ಪರಿಣತರ ಸಾಕ್ಷ್ಯವೂ ನಿಮ್ಮ ಪರವಾಗಿಯೇ ಇತ್ತು. 1929ರ ಕಾರಿನದು ಎಂದು ಖಚಿತವಾಗಿ ಹೇಳಬಹುದಾದದ್ದು ಹೆಚ್ಚುಕಡಿಮೆ ಏನೂ ಇಲ್ಲ. 1930ರದ್ದು ಎಂದರೆ ಪೆಡಲ್ ಶಾಫ್ಟು, ಗೇರ್‌ಬಾಕ್ಸಿನ ಕವಚ, ಸ್ಟಿಯರಿಂಗ್ ಕಾಲಮ್ಮು. ಇಷ್ಟನ್ನು ಒಂದು ಮೇಜಿನ ಮೇಲೆ ಇಡಬಹುದು. ಆದರೆ ನ್ಯಾಯಮೂರ್ತಿ ಆಟನ್ ಮಾರಿದವರ ಪರವಾಗಿ ತೀರ್ಪು ಕೊಟ್ಟರು. ಇದು 1929ರ ಮೂಲರೂಪದ ಕಾರಲ್ಲ ಎಂದು ಅವರೂ ಒಪ್ಪಿದರು. ಆದರೆ ನಕಲಿಯೂ ಅಲ್ಲ, ಮರುಸೃಷ್ಟಿಯೂ ಅಲ್ಲ, ಅದೇ ಅಸಲಿ ಓಲ್ಡ್ ನಂಬರ್ ಒನ್ ಎಂದರು. ಯಾಕೆಂದರೆ ಕಾರು ಯಾವತ್ತೂ ಮಾಯವಾಗಿ ಮತ್ತೆ ಹುಟ್ಟಿದ್ದಲ್ಲ. ಒಂದು ರೇಸಿನಿಂದ ಇನ್ನೊಂದಕ್ಕೆ, ಒಬ್ಬ ಮಾಲೀಕನಿಂದ ಇನ್ನೊಬ್ಬನಿಗೆ ಸಾಗುತ್ತಾ, ಬದಲಾಗುತ್ತಾ ಬಂದಿದೆ. ಆ ಹೆಸರಿಗೆ ಹಕ್ಕು ಹೇಳುವ ಇನ್ನೊಂದು ಕಾರು ಲೋಕದಲ್ಲಿ ಇಲ್ಲ. ಆ ತೀರ್ಪನ್ನು ನಾನು ಮನಸಾರೆ ಒಪ್ಪುತ್ತೇನೆ. ನಮ್ಮಲ್ಲಿ ದೇವಸ್ಥಾನ ಜೀರ್ಣೋದ್ಧಾರ ಮಾಡುವುದಿಲ್ಲವೇ? ಗೋಡೆ ಹೊಸದು, ಮಾಡು ಹೊಸದು, ಆದರೆ ಅದು ಬೇರೆ ದೇವಸ್ಥಾನ ಎಂದು ಊರಲ್ಲಿ ಯಾರೂ ಹೇಳುವುದಿಲ್ಲ.

— ಅಲ್ಲಿ ಊರಿಗೆ ಊರೇ ನಿಂತು ನೋಡುತ್ತಿರುತ್ತದೆ ಸ್ವಾಮಿ. ಯಾವ ಕಂಬ ಹಳೆಯದು, ಯಾವ ಕಲ್ಲು ಹೊಸದು ಎಂದು ಹೂ ಕಟ್ಟುವವರಿಗೂ ಗೊತ್ತು. ಬ್ರಹ್ಮಕಲಶಕ್ಕೆ ಕರೆಯೋಲೆ ಹಂಚಿರುತ್ತಾರೆ. ಷಟರ್ ಎಳೆದುಕೊಂಡು ಒಳಗೆ ಮಾಡುವ ಕೆಲಸಕ್ಕೆ ಅದನ್ನು ಹೋಲಿಸಬೇಡಿ.

— ಒಪ್ಪಿದೆ. ಮತ್ತು ನೀವು ಈಗ ಹೇಳಿದ ವ್ಯತ್ಯಾಸದ ಮೇಲೆಯೇ ನನ್ನ ಇಡೀ ವಾದ ನಿಂತಿದೆ. ಮುರಿದ ಕಾರನ್ನು ಮತ್ತೆ ಕಟ್ಟುವುದರಿಂದ ಅದು ಸುಳ್ಳಾಗುವುದಿಲ್ಲ. ಮುರಿದದ್ದನ್ನು ಮುಚ್ಚಿಟ್ಟಾಗ ಸುಳ್ಳಾಗುತ್ತದೆ.

— ಕೇಳಲು ಚೆನ್ನಾಗಿದೆ. ಆದರೆ ಡನ್‌ಫೀ ಎಂಬ ಮನುಷ್ಯ ಸತ್ತ ವಿಷಯ ಒಂದು ವಾಕ್ಯದಲ್ಲಿ ಮುಗಿದುಹೋಯಿತು, 1 ಕೋಟಿ ಪೌಂಡಿನ ಮಾತು ಇಷ್ಟುದ್ದ ನಡೆಯಿತು. ನನಗೆ ಕಸಿವಿಸಿಯಾಗುವುದು ಅಲ್ಲಿ.

— ಆಗಲೇಬೇಕು. ಅದಕ್ಕಿಂತ ಕಸಿವಿಸಿಯ ಕಥೆ ಹೇಳುತ್ತೇನೆ ಕೇಳಿ. ಆನ್ರಿ ಒರೆಯೆ ಅಂತ ಒಬ್ಬ ಫ್ರೆಂಚ್ ಸ್ಕೀ ಪಟು ಇದ್ದರು. 1948ರ ಸೇಂಟ್ ಮೊರಿಟ್ಜ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದವರು. ಆಮೇಲೆ ಕಾರ್ ರೇಸಿಗೆ ಬಂದರು. 1962ರಲ್ಲಿ ಜೋ ಶ್ಲೆಸರ್ ಕೊಂಡ ಫೆರಾರಿ 250 ಜಿಟಿಒದಲ್ಲಿ, ಚಾಸಿಸ್ ನಂಬರ್ 3851 ಜಿಟಿ, ಇಬ್ಬರೂ ಸೇರಿ ಟೂರ್ ದ ಫ್ರಾನ್ಸ್ ರ‍್ಯಾಲಿಯಲ್ಲಿ ಎರಡನೆಯ ಸ್ಥಾನ ಪಡೆದರು. ಕೆಲವೇ ವಾರಗಳಲ್ಲಿ, ಅಕ್ಟೋಬರ್ 7ರಂದು, ಪ್ಯಾರಿಸ್ ಹತ್ತಿರದ ಮಾಂಟ್ಲೆರಿ ಟ್ರ್ಯಾಕಿನಲ್ಲಿ ಅದೇ ಕಾರಿನಲ್ಲಿ ಅಪಘಾತವಾಗಿ ಒರೆಯೆ ತೀರಿಕೊಂಡರು. ಕಾರನ್ನು ಫ್ಯಾಕ್ಟರಿಗೆ ಕಳಿಸಿ ಮತ್ತೆ ಕಟ್ಟಿಸಿದರು. ಮರುವರ್ಷ ಅದು ಇಟಲಿಯ ಬೆಟ್ಟದ ರೇಸುಗಳಲ್ಲಿ ಓಡುತ್ತಿತ್ತು. 1965ರಲ್ಲಿ ಫಾಬ್ರಿಟ್ಸಿಯೊ ವಿಯೊಲಾತಿ ಎಂಬವರು ಕೊಂಡು ಸಾಯುವ ತನಕ ಇಟ್ಟುಕೊಂಡರು. 2014ರ ಆಗಸ್ಟಿನಲ್ಲಿ ಬೋನಮ್ಸ್ ಹರಾಜಿನಲ್ಲಿ 3 ಕೋಟಿ 81 ಲಕ್ಷ ಡಾಲರಿಗೆ ಹೋಯಿತು. ಹರಾಜಿನಲ್ಲಿ ಅಲ್ಲಿಯ ತನಕ ಯಾವ ಕಾರಿಗೂ ಅಷ್ಟು ಬೆಲೆ ಬಂದಿರಲಿಲ್ಲ.

— ಒಬ್ಬನ ಜೀವ ತೆಗೆದ ಕಾರಿಗೆ!

— ಜೀವ ತೆಗೆದದ್ದಕ್ಕೆ ಬೆಲೆ ಬಂದದ್ದಲ್ಲ. 250 ಜಿಟಿಒಗಳೇ 36. ಅವು ರೇಸಿಗೆಂದೇ ಹುಟ್ಟಿದವು, ಗುದ್ದಿಕೊಂಡವು, ಮತ್ತೆ ಬಡಿಸಿಕೊಂಡವು. ಒಂದು ಗೀರೂ ಬೀಳದ ಜಿಟಿಒ ಎಲ್ಲಿ ಹುಡುಕುತ್ತೀರಿ? ಅಪಘಾತ ಆ ಕಾರುಗಳ ಬಾಳಿನ ಹೊರಗಿನದಲ್ಲ. ನಾನು ಕೇಳುವುದು ಇಷ್ಟೇ: ಒರೆಯೆ ಎಲ್ಲಿ, ಯಾವ ದಿನ, ಯಾವ ಕಾರಿನಲ್ಲಿ ಸತ್ತರು ಎಂಬುದು ಆ ಕಾರಿನ ಚರಿತ್ರೆಯಲ್ಲಿ ಬರೆದಿಟ್ಟಿದೆ. 1962ರಲ್ಲೇ ಆ ನಂಬರನ್ನು ಸದ್ದಿಲ್ಲದೆ ಅಳಿಸಿ, ಇದು ಬೇರೆ ಕಾರು ಎಂದು ಮಾರಿದ್ದರೆ? ಆಗ ಯಾರಿಗೂ ಕಸಿವಿಸಿ ಆಗುತ್ತಿರಲಿಲ್ಲ, ಒರೆಯೆಯ ನೆನಪೂ ಆ ಕಾರಿನ ಜೊತೆ ಇರುತ್ತಿರಲಿಲ್ಲ. ಯಾವುದು ಮೇಲು?

— ಒರೆಯೆಯ ವಿಷಯದಲ್ಲಿ ನಿಮ್ಮ ಮಾತು ತೆಗೆದುಹಾಕಲಾರೆ. ಆದರೆ ಲೋಹದ ಪ್ರಶ್ನೆಯನ್ನು ನೀವು ಇನ್ನೂ ದಾಟಿಲ್ಲ. ಚರಿತ್ರೆಯೊಂದೇ ಸಾಕು ಎಂದರೆ, ಕಾಗದಪತ್ರ ಸರಿಯಾಗಿಟ್ಟುಕೊಂಡು ಎಲ್ಲ ಲೋಹವನ್ನೂ ಬಿಸಾಡಬಹುದಲ್ಲ?

— ಬಿಸಾಡಬಾರದು. ಈ ಒಂದು ವಿಷಯದಲ್ಲಿ ನಾನು ಕೋರ್ಟಿಗಿಂತ ಬಡಗಿ-ಕಮ್ಮಾರರ ಕಡೆ. ಇದಕ್ಕೂ ಮಾಂಟ್ಲೆರಿಯದೇ ಉದಾಹರಣೆ ಇದೆ. 1964ರ ಅಕ್ಟೋಬರ್, ಪ್ಯಾರಿಸ್ 1000 ಕಿಲೋಮೀಟರ್ ರೇಸು, ಮಳೆ. ಪೀಟರ್ ಲಿಂಡ್ನರ್ ಎಂಬ ಜರ್ಮನ್ ಚಾಲಕನ ಜಾಗ್ವಾರ್ ಲೈಟ್‌ವೇಟ್ ಇ-ಟೈಪ್ ಹಿಡಿತ ತಪ್ಪಿ ಇನ್ನೊಂದು ಕಾರಿಗೆ ಬಡಿಯಿತು. ಲಿಂಡ್ನರ್ ಸತ್ತರು, ಆ ಕಾರಿನಲ್ಲಿದ್ದ ಫ್ರಾಂಕೊ ಪಾತ್ರಿಯಾ ಸತ್ತರು, ಟ್ರ್ಯಾಕಿನ ಮೂವರು ಮಾರ್ಷಲ್‌ಗಳೂ ಸತ್ತರು. ಲೈಟ್‌ವೇಟ್ ಇ-ಟೈಪ್ ಎಂದರೆ ಉಕ್ಕಿನ ಬದಲು ಇಡೀ ಶೆಲ್ಲೇ ಅಲ್ಯೂಮಿನಿಯಂ, ತಯಾರಾದದ್ದು 12. ನುಜ್ಜಾದ ಆ ಕಾರನ್ನು ಮೊದಲೊಮ್ಮೆ ರಿಪೇರಿ ಮಾಡಿದವರು ಹೊಸ ಶೆಲ್ ಕಟ್ಟಿ, ಹಳೆಯ ಯಂತ್ರಭಾಗಗಳನ್ನು ಅದಕ್ಕೆ ಕೂರಿಸಿದರು. ಹಳೆಯ ಶೆಲ್ ಹಾಗೆಯೇ ಉಳಿಯಿತು.

— ಅಂದರೆ ಈಗ ಒಂದೇ ಗುರುತಿಗೆ ಎರಡು ದೇಹ.

— ಹೌದು, ಈ ಲೋಕದ ದೊಡ್ಡ ತಲೆನೋವೇ ಅದು. ಫೆರಾರಿ 375 ಪ್ಲಸ್ ಒಂದರ ವಿಷಯದಲ್ಲಿ, ಓಹಾಯೊದಲ್ಲಿ ಹಾಳಾಗಿ ಬಿದ್ದಿದ್ದ ಕಾರನ್ನು ಎಂಬತ್ತರ ದಶಕದಲ್ಲಿ ಕದ್ದರು; ಅದು ಬೆಲ್ಜಿಯಂನಲ್ಲಿ ಮತ್ತೆ ಕಟ್ಟಿದ ಕಾರಾಗಿ ಎದ್ದಿತು, ಉಳಿದ ಭಾಗಗಳು ಅಮೆರಿಕದಲ್ಲೇ ಇದ್ದವು; 2014ರಲ್ಲಿ ಕೋಟಿ ಪೌಂಡು ದಾಟಿ ಮಾರಾಟವಾದ ಮೇಲೂ ಕೋರ್ಟು ಕಚೇರಿ ತಪ್ಪಲಿಲ್ಲ. ಲಿಂಡ್ನರ್ ಕಾರಿನ ಕಥೆ ಬೇರೆ ದಾರಿ ಹಿಡಿಯಿತು. ಇಂಗ್ಲೆಂಡಿನ ಬ್ರಿಜ್‌ನಾರ್ತ್‌ನ ಕ್ಲಾಸಿಕ್ ಮೋಟಾರ್ ಕಾರ್ಸ್ ಎಂಬ ಸಂಸ್ಥೆಯ ಕುಶಲಕರ್ಮಿಗಳು ಆ ನುಜ್ಜುಗುಜ್ಜಾದ ಹಳೆಯ ಶೆಲ್ಲನ್ನೇ ಬಿಚ್ಚಿ, ಒಂದೊಂದು ತುಂಡನ್ನೂ ಬೇರೆ ಮಾಡಿ, ಬಡಿದು ನೆಟ್ಟಗೆ ಮಾಡಿ, ಮತ್ತೆ ರಿವೆಟ್ ಹೊಡೆದರು. ಸಾವಿರಾರು ಗಂಟೆಗಳ ಕೆಲಸ. ಅಲ್ಯೂಮಿನಿಯಂ ಉಕ್ಕಿನ ಹಾಗಲ್ಲ. ಒಮ್ಮೆ ಮಡಿಚಿಕೊಂಡರೆ ಗಟ್ಟಿಯಾಗಿಬಿಡುತ್ತದೆ, ಹಾಗೆಯೇ ಎಳೆದರೆ ಮಡಿಕೆಯ ಗುಂಟ ಬಿರುಕು ಬಿಡುತ್ತದೆ. ಹದವಾಗಿ ಬಿಸಿ ಮಾಡಿ ಮೆತ್ತಗೆ ಮಾಡಿಕೊಳ್ಳಬೇಕು. ಬಿಸಿ ಸ್ವಲ್ಪ ಹೆಚ್ಚಾದರೆ ಕಣ್ಣೆದುರೇ ಕರಗಿ ತೂತಾಗುತ್ತದೆ. ಕೆಂಪಗಾಗಿ ಎಚ್ಚರಿಸುವ ಗುಣ ಅದಕ್ಕಿಲ್ಲ. ಕೆಲವರು ಸೋಪು ಸವರಿ, ಸೋಪು ಕಂದು ಬಣ್ಣಕ್ಕೆ ತಿರುಗಿದ ಗಳಿಗೆಯಲ್ಲಿ ಬೆಂಕಿ ತೆಗೆಯುತ್ತಾರೆ. ಹೊಸ ಶೀಟು ಕತ್ತರಿಸುವುದು ಇದಕ್ಕಿಂತ ನೂರು ಪಾಲು ಸುಲಭ. ಆ ಸುಲಭವನ್ನು ಬಿಟ್ಟವರಿಗೆ ನಾನು ಕೈ ಮುಗಿಯುತ್ತೇನೆ.

— ಅಷ್ಟು ಕಷ್ಟಪಟ್ಟು ಬಂದದ್ದೇನು? ನೋಡುವವನಿಗೆ ಎರಡೂ ಒಂದೇ.

— ಗುರುತು ಮತ್ತೆ ಒಂದೇ ದೇಹಕ್ಕೆ ಬಂತು. 1964ರ ಮಳೆಯಲ್ಲಿ ಮಡಿಚಿಕೊಂಡ ತಗಡೇ ಇವತ್ತು ಓಡುತ್ತಿದೆ. ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಜಾಗ್ವಾರ್ ಲೈಟ್‌ವೇಟ್‌ಗಳನ್ನು 18 ಮಾಡಬೇಕೆಂದಿತ್ತು, 12ಕ್ಕೆ ನಿಲ್ಲಿಸಿತ್ತು. 2014ರಲ್ಲಿ ಉಳಿದ 6 ನಂಬರುಗಳಿಗೆ ಅದೇ ಕಂಪನಿ ಹೊಚ್ಚಹೊಸ ಕಾರುಗಳನ್ನು ಕಟ್ಟುವುದಾಗಿ ಪ್ರಕಟಿಸಿತು. ಫ್ಯಾಕ್ಟರಿ ಅದೇ, ನಂಬರ್ ಸಾಲು ಅದೇ, ಒಂದು ಬಿರುಕಿಲ್ಲ. ಆದರೆ ನನ್ನನ್ನು ಕೇಳಿದರೆ ಲೈಟ್‌ವೇಟ್‌ಗಳು ಮೊದಲು ತಯಾರಾದ 1963ಕ್ಕೆ ಹತ್ತಿರದ್ದು ಲಿಂಡ್ನರ್ ಕಾರು. ಫ್ಯಾಕ್ಟರಿಯ ಮುದ್ರೆ ಬಿದ್ದ ಮಾತ್ರಕ್ಕೆ ಹೊಸದು ಹಳೆಯದಾಗುವುದಿಲ್ಲ, ಐವರು ಸತ್ತ ಅಪಘಾತದಿಂದ ಎದ್ದು ಬಂದ ಮಾತ್ರಕ್ಕೆ ಹಳೆಯದು ನಕಲಿಯಾಗುವುದಿಲ್ಲ.

— ಸರಿ. ಇವೆಲ್ಲ ಮ್ಯೂಸಿಯಂಗೆ ಹೋಗಬಹುದಾದ ಕಾರುಗಳು. ನನ್ನ ಚಿಂತೆ ಬೇರೆ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಒಂದು ಲ್ಯಾಂಬೊರ್ಗಿನಿ ಹುರಕಾನ್ ನೋಡಿದ್ದಾನೆ. ಇನ್ಶೂರೆನ್ಸ್ ಕಂಪನಿ ಕೈಬಿಟ್ಟು ಸಾಲ್ವೇಜ್ ಆಗಿದ್ದನ್ನು ಯಾರೋ ರಿಪೇರಿ ಮಾಡಿ, ರೀಬಿಲ್ಟ್ ಟೈಟಲ್, ಅಂದರೆ ಮತ್ತೆ ಕಟ್ಟಿದ ಕಾರು ಎಂಬ ಮಾಲೀಕತ್ವದ ಪತ್ರ, ಮಾಡಿಸಿ ಮಾರಾಟಕ್ಕಿಟ್ಟಿದ್ದಾರೆ. ಬೆಲೆ ಮಾರುಕಟ್ಟೆಗಿಂತ ಬಹಳ ಕಡಿಮೆ. ಕಾರು ಥಳಥಳ ಹೊಳೆಯುತ್ತಿದೆ. ‘ಮಿಸ್ಟರ್ ಬೀನ್’ ಕಾರೂ ಗುದ್ದಿಕೊಂಡಿತ್ತಲ್ಲ, ಅದಕ್ಕೆ ಬೆಲೆ ಏರಲಿಲ್ಲವೇ ಅನ್ನುತ್ತಾನೆ.

— ರೋವನ್ ಅಟ್ಕಿನ್ಸನ್ ಅವರ ಮೆಕ್‌ಲಾರೆನ್ ಎಫ್1. ಗಾರ್ಡನ್ ಮರ್ರೆ ವಿನ್ಯಾಸ, ಡ್ರೈವರ್ ಸೀಟು ಮಧ್ಯದಲ್ಲಿ, ರೇಸ್ ಕಾರುಗಳನ್ನೂ ಸೇರಿಸಿ ಒಟ್ಟು 106 ಮಾತ್ರ. 2011ರ ಆಗಸ್ಟಿನಲ್ಲಿ ಕೇಂಬ್ರಿಜ್‌ಶೈರ್‌ನ ರಸ್ತೆಯಲ್ಲಿ ಮರಕ್ಕೆ ಬಡಿದು ಬೆಂಕಿಯೂ ಹೊತ್ತಿತು. ಅವರ ಭುಜಕ್ಕೆ ಪೆಟ್ಟಾಯಿತು. ರಿಪೇರಿಗೆ ಇನ್ಶೂರೆನ್ಸ್ ಕೊಟ್ಟದ್ದು ಸುಮಾರು 9 ಲಕ್ಷ 10 ಸಾವಿರ ಪೌಂಡು. ಬ್ರಿಟನ್ನಿನಲ್ಲಿ ಒಂದು ಕಾರಿಗೆ ಅಷ್ಟು ಹಣ ಅಲ್ಲಿಯ ತನಕ ಸಂದಾಯವಾಗಿರಲಿಲ್ಲ ಎಂದು ಪತ್ರಿಕೆಗಳು ಬರೆದವು. ಮಾಡಿದವರು ಮೆಕ್‌ಲಾರೆನ್ ಕಂಪನಿಯವರೇ, ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. 2015ರಲ್ಲಿ ಸುಮಾರು 80 ಲಕ್ಷ ಪೌಂಡಿಗೆ ಮಾರಾಟವಾಯಿತು. ಕೊಂಡವರಿಗೆ ಅಪಘಾತದ ಪ್ರತಿ ವಿವರವೂ ಗೊತ್ತಿತ್ತು; ಜಗತ್ತಿಗೇ ಗೊತ್ತಿತ್ತು. ನಿಮ್ಮ ಅಕ್ಕನ ಮಗ ನೋಡಿದ ಕಾರನ್ನು ಕಟ್ಟಿದವರು ಯಾರು?

— ಗೊತ್ತಿಲ್ಲವಂತೆ.

— ಹೊಡೆತ ಎಲ್ಲಿ ಬಿದ್ದಿತ್ತು?

— ಮುಂದೆ. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದವಂತೆ. ಅಷ್ಟೇ ಹೇಳಿದರಂತೆ.

— ಇಲ್ಲಿ ನಾನು ಚರಿತ್ರೆಯ ಮಾತು ಬಿಟ್ಟು ಪ್ರಾಣದ ಮಾತು ಆಡುತ್ತೇನೆ. ಜಿಗ್ ಮೇಲೆ ಕಾರು ಕಟ್ಟಿ, ಸರಪಳಿ ಹಾಕಿ ಎಳೆದು ನೆಟ್ಟಗೆ ಮಾಡಿದ ಕೈ ಇದು. ಉಕ್ಕಿನ ಕಾರು ಬಾಗಿದರೆ ಬಾಗಿದ್ದು ಕಾಣುತ್ತದೆ. ಹುರಕಾನ್ ಚಾಸಿಸ್ ಅಲ್ಯೂಮಿನಿಯಂ ಮತ್ತು ಕಾರ್ಬನ್ ಫೈಬರ್ ಎರಡೂ ಬೆರೆತದ್ದು. ಮಧ್ಯದ ಟನಲ್, ಹಿಂಬದಿಯ ಗೋಡೆ ಕಾರ್ಬನ್. ಮುಂದೆ ಬಿದ್ದ ಹೊಡೆತ ಅಲ್ಲಿಯ ತನಕ ಹೋಗಿರಬಹುದು. ಕಾರ್ಬನ್ ಬಾಗುವುದಿಲ್ಲ. ಮೇಲಿನ ಮೆರುಗು ಹಾಗೆಯೇ ಇದ್ದು ಒಳಗೆ ಪದರ ಪದರವಾಗಿ ಬಿಟ್ಟುಕೊಂಡಿರುತ್ತದೆ. ನಾಣ್ಯ ಹಿಡಿದು ಇಂಚಿಂಚೂ ತಟ್ಟುತ್ತಾ ಹೋಗಬೇಕು. ಗಟ್ಟಿ ಇರುವ ಕಡೆ ಟಣ್ ಎನ್ನುತ್ತದೆ, ಪದರ ಬಿಟ್ಟ ಕಡೆ ದಬ್ ಎಂದು ಸದ್ದು ಸಾಯುತ್ತದೆ. ಕೈ ಅಲ್ಲೇ ನಿಲ್ಲುತ್ತದೆ. ಆಮೇಲೆ ಅಲ್ಟ್ರಾಸೌಂಡ್ ಹಾಕಿ ನೋಡಬೇಕು. ಲ್ಯಾಂಬೊರ್ಗಿನಿಯವರು ಕಾರ್ಬನ್ ರಿಪೇರಿಗೆಂದೇ ತರಬೇತಿ ಪಡೆದ ತಂತ್ರಜ್ಞರ ತಂಡ ಇಟ್ಟಿದ್ದಾರೆ. ‘ಫ್ಲೈಯಿಂಗ್ ಡಾಕ್ಟರ್ಸ್’ ಎಂದು ಹೆಸರು. ಕಾರು ಇದ್ದಲ್ಲಿಗೆ ವಿಮಾನದಲ್ಲಿ ಬರುತ್ತಾರೆ. ಅಂಥ ಕೆಲಸ ಮಾಡಿಸಿದವರು ಅದರ ಕಾಗದ ಬಚ್ಚಿಡುತ್ತಾರೆಯೇ? ತೋರಿಸುತ್ತಾರೆ, ಅದರ ಬೆಲೆಯನ್ನೂ ಕೇಳುತ್ತಾರೆ.

— ಅವನು ಏರ್‌ಬ್ಯಾಗ್ ಲೈಟ್ ಉರಿಯುತ್ತಿಲ್ಲ, ಆದ್ದರಿಂದ ಸರಿಯಿದೆ ಅನ್ನುತ್ತಿದ್ದ.

— ಏರ್‌ಬ್ಯಾಗೇ ಹಾಕದೆ, ಅದರ ವೈರಿಗೆ ಒಂದು ರೆಸಿಸ್ಟರ್ ಸಿಕ್ಕಿಸಿದರೂ ಲೈಟು ಆರುತ್ತದೆ. ಕೆಲವೇ ರೂಪಾಯಿಯ ಸಾಮಾನು. ಸ್ಟಿಯರಿಂಗ್ ಮುಚ್ಚಳದ ಹಿಂದೆ ಖಾಲಿ ಜಾಗ. ಮುಂದಿನ ಅಪಘಾತದ ದಿನವೇ ಅದು ಗೊತ್ತಾಗುವುದು. ನಾನು ಕೋಪದಿಂದ ಹೇಳುತ್ತಿದ್ದೇನೆ ಅನ್ನಿಸಿದರೆ ಹೌದು, ಕೋಪವೇ. ಇದೇ ಕೈಕಸುಬಿನಲ್ಲಿ ಲಿಂಡ್ನರ್ ಶೆಲ್ಲನ್ನು ಬಡಿದವರೂ ಇದ್ದಾರೆ, ರೆಸಿಸ್ಟರ್ ಸಿಕ್ಕಿಸುವವರೂ ಇದ್ದಾರೆ.

— ಆದರೆ ಅಲ್ಲಿ ಟೈಟಲ್‌ನಲ್ಲೇ ‘ರೀಬಿಲ್ಟ್’ ಎಂದು ಬರೆದಿರುತ್ತದಲ್ಲ. ಅದು ಬಹಿರಂಗವೇ ಅಲ್ಲವೇ?

— ಅಪಘಾತವಾಗಿತ್ತು ಎಂದು ಮಾತ್ರ ಅದು ಹೇಳುತ್ತದೆ, ಏನು ಮುರಿದಿತ್ತು ಎಂದು ಹೇಳುವುದಿಲ್ಲ. ಒಂದು ರಾಜ್ಯದ ಕಾಯಿದೆ ಇನ್ನೊಂದಕ್ಕಿಲ್ಲ. ಕಾರನ್ನು ರಾಜ್ಯದಿಂದ ರಾಜ್ಯಕ್ಕೆ ನೋಂದಾಯಿಸುತ್ತಾ ಆ ಗುರುತನ್ನೇ ತೊಳೆದುಬಿಡುವವರಿದ್ದಾರೆ. ಬ್ರಿಟನ್ನಿನಲ್ಲಿ 2017ರ ಅಕ್ಟೋಬರಿನಿಂದ ಇರುವ ವಿಂಗಡಣೆ ಇದಕ್ಕಿಂತ ಮೇಲು: ಎ ಎಂದರೆ ಪೂರ್ತಿ ಪುಡಿ ಮಾಡಬೇಕು, ಬಿ ಎಂದರೆ ಬಿಡಿಭಾಗ ಮಾತ್ರ ಬಳಸಬಹುದು, ಎಸ್ ಎಂದರೆ ಚೌಕಟ್ಟಿಗೇ ಪೆಟ್ಟು, ಎನ್ ಎಂದರೆ ಚೌಕಟ್ಟಿಗೆ ಪೆಟ್ಟಿಲ್ಲ. ಕೊಳ್ಳುವವನಿಗೆ ಅಷ್ಟಾದರೂ ತಿಳಿಯುತ್ತದೆ. ನಮ್ಮಲ್ಲಿ ರಿಪೇರಿ ಖರ್ಚು ಐಡಿವಿಯ, ಅಂದರೆ ವಿಮೆಯಲ್ಲಿ ನಮೂದಿಸಿದ ಬೆಲೆಯ, ಶೇ. 75 ದಾಟಿದರೆ ಟೋಟಲ್ ಲಾಸ್ ಅನ್ನುತ್ತಾರೆ. ಆಮೇಲೆ ಆ ಕಾರು ಯಾರ ಕೈಗೆ ಹೋಯಿತು, ಯಾವ ರೂಪದಲ್ಲಿ ಮತ್ತೆ ರಸ್ತೆಗೆ ಬಂತು ಎಂದು ಆರ್‌ಸಿ ನೋಡಿದ ಸಾಮಾನ್ಯ ಗ್ರಾಹಕನಿಗೆ ಗೊತ್ತಾಗುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು ಕಡೆ ಬಂಗಲೆಗಳ ಮುಂದೆ ಐಷಾರಾಮಿ ಕಾರುಗಳು ಕಿಟಕಿಯ ಮಟ್ಟಕ್ಕೆ ನೀರಲ್ಲಿ ನಿಂತಿದ್ದವಲ್ಲ? ಅವು ಮತ್ತೆ ಮಾರಾಟಕ್ಕೆ ಬಂದರೆ? ನೀರು ಕುಡಿದ ವೈರಿಂಗ್ ಒಂದೆರಡು ವರ್ಷ ಸುಮ್ಮನಿದ್ದು ಆಮೇಲೆ ಹಸಿರು ಕಿಲುಬು ಹಿಡಿಯುತ್ತದೆ. ಟೋಟಲ್ ಲಾಸ್ ಆದ ಕಾರಿನ ಆರ್‌ಸಿಯ ಮೇಲೆ ದೊಡ್ಡಕ್ಷರದಲ್ಲಿ ಅದನ್ನು ಬರೆಯಲೇಬೇಕು ಎಂಬ ನಿಯಮ ಬರಬೇಕು.

— ಹಾಗೆ ಬರೆದರೆ ಬೆಲೆ ಬೀಳುತ್ತದೆ ಎಂದು ಮಾರುವವರು ಒಪ್ಪುವುದಿಲ್ಲ.

— ಬೀಳುತ್ತದೆ. ಸಾವಿರಗಟ್ಟಲೆ ತಯಾರಾದ ಹುರಕಾನ್‌ಗೆ ಬೀಳಲೇಬೇಕು. ಅದೇ ಬೆಲೆಗೆ ಪೆಟ್ಟಾಗದ್ದು ಸಿಗುವಾಗ ಇದನ್ನು ಯಾಕೆ ಕೊಳ್ಳಬೇಕು? ಕಾಲುಭಾಗದಿಂದ ಅರ್ಧದ ತನಕ ಇಳಿಯುವುದು ಸಾಮಾನ್ಯ. 36ರಲ್ಲಿ ಒಂದಾದ ಜಿಟಿಒ ಲೆಕ್ಕವನ್ನು ಇದಕ್ಕೆ ಹಾಕಬಾರದು. ಆದರೆ ಪೂರ್ತಿ ದಾಖಲೆಯಿರುವ, ಚೆನ್ನಾಗಿ ಕಟ್ಟಿದ ಹುರಕಾನ್ ಇಳಿದ ಬೆಲೆಗೆ ನ್ಯಾಯವಾದ ಕಾರು. ಓಡಿಸುವ ಆಸೆಯಿರುವ ಹುಡುಗನಿಗೆ ಆ ಎಂಜಿನ್ನಿನ ಸದ್ದು ಹಾಗಾದರೂ ಕೈಗೆಟುಕಲಿ ಎಂದು ನಾನು ಬಯಸುತ್ತೇನೆ. ಅವನನ್ನು ಹೆದರಿಸಿ ಓಡಿಸಬೇಡಿ.

— ಹಾಗಾದರೆ ಅವನಿಗೆ ಏನು ಹೇಳಲಿ?

— ಮುರಿದಾಗಿನ ಫೋಟೋ ಕೇಳಲಿ. ಹೊಳೆಯುವ ಫೋಟೋ ಬೇಡ. ಸಾಲ್ವೇಜ್ ಹರಾಜಿಗೆ ಇಟ್ಟಾಗ ತೆಗೆದ ಫೋಟೋಗಳು, ಬಂಪರ್ ಬಿಚ್ಚಿದ ಮೇಲಿನವು, ಜಿಗ್ ಮೇಲೆ ಇದ್ದಾಗಿನ ಅಳತೆಯ ಹಾಳೆ, ಏರ್‌ಬ್ಯಾಗ್ ಕೊಂಡ ಬಿಲ್ಲು. ಪೇಂಟ್ ಅಳೆಯುವ ಮೀಟರ್ ಹಿಡಿದು ಸುತ್ತ ಒಂದು ಸುತ್ತು ಬರಲಿ. ಒಂದು ಪ್ಯಾನಲ್‌ನಲ್ಲಿ 120 ಮೈಕ್ರಾನ್, ಪಕ್ಕದ್ದರಲ್ಲಿ 600 ಬಂದರೆ ಅಲ್ಲಿ ಪುಟ್ಟಿ ಇದೆ. ಬಾನೆಟ್ ಒಳಗಿನ ಬೋಲ್ಟುಗಳ ಅಂಚಿನಲ್ಲಿ ಬಣ್ಣ ಕಿತ್ತಿದೆಯೇ ನೋಡಲಿ. ಆಮೇಲೆ ಕಾರ್ಬನ್ ತಟ್ಟಿ ನೋಡಬಲ್ಲ ಒಬ್ಬರಿಗೆ ಹಣ ಕೊಟ್ಟು, ಕಾರನ್ನು ಲಿಫ್ಟಿಗೆ ಹಾಕಿಸಿ, ಕೆಳಗಿನ ಮುಚ್ಚಳಗಳನ್ನೆಲ್ಲ ತೆಗೆಸಲಿ.

— ಮಾರುವವರು ಫೋಟೋ ಇಲ್ಲ ಅಂದರೆ?

— ಸಾಲ್ವೇಜ್ ಹರಾಜಿಗೆ ಬಂದ ಕಾರಿಗೆ ಫೋಟೋ ಇಲ್ಲದೆ ಇರುವುದಿಲ್ಲ. ಚಾಸಿಸ್ ನಂಬರ್ ಹಾಕಿ ಅವನೇ ಹುಡುಕಬಹುದು. ಇವತ್ತೇ ಫೋನ್ ಮಾಡಿ, ಆ ಹದಿನೇಳು ಅಕ್ಷರದ ನಂಬರ್ ಕಳಿಸಲು ಹೇಳಿ. ನಾನೂ ಕೂತು ನೋಡುತ್ತೇನೆ.